ಫ್ರಿಜ್ಜಿನ ಗ್ಯಾಸ್ ‘ತೆಗೆಯುವುದು’ ಅಂದರೆ ಏನು? ಒಂದು ಕ್ರಿಯಾಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ.

ನಮ್ಮ ಓಣಿಯಲ್ಲಿ ಕೆಟ್ಟು ನಿಂತ ಫ್ರಿಜ್‌ಗಳು ಜಾಸ್ತಿ. ಉಪ್ಪುಗಾಳಿಗೆ ತಗಡು, ಕೊಳವೆ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ಮಳೆಗಾಲಕ್ಕೆ ಮೊದಲು ಅವನ್ನೆಲ್ಲ ಒಟ್ಟು ಮಾಡಿ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡೋಣ ಅಂತ ಕೆಲವರು ಸೇರಿದೆವು. ಚೀಟಿ ಬರೆಯುವ ಕೆಲಸ ನನ್ನದು. ‘ಕೊಡುವ ಮೊದಲು ಗ್ಯಾಸ್ ತೆಗೆಸಿರಿ’ ಅಂತ ಬರೆದೆ. ಪಕ್ಕದ ಮನೆಯವರು ಅದನ್ನು ಓದಿ ರಿಪೇರಿಯ ಹುಡುಗನನ್ನು ಕರೆಸಿದರು. ಅವನು ಇಕ್ಕಳ ತಗೊಂಡು ಕಂಪ್ರೆಸರ್ ಪಕ್ಕದ ತಾಮ್ರದ ಕೊಳವೆ ಕತ್ತರಿಸಿಬಿಟ್ಟ. ಬುಸ್ ಅಂತು. ‘ಗ್ಯಾಸ್ ತೆಗೆದೆ’ ಅಂದ. ಕನ್ನಡದ ಪ್ರಕಾರ ಅವನು ಹೇಳಿದ್ದು ಸರಿಯೇ ಇದೆ, ಅಲ್ವಾ? ನನಗೆ ಮಾತ್ರ ತುಂಬಾ ಬೇಜಾರಾಯಿತು.

ಆಗಬೇಕಾದದ್ದು ಬೇರೆ. ಫ್ರಿಜ್ಜಿನೊಳಗಿನ ಗ್ಯಾಸನ್ನು ಯಂತ್ರದಿಂದ ಎಳೆದು ಒಂದು ಸಿಲಿಂಡರಿಗೆ ತುಂಬಬೇಕು. ಅದನ್ನೂ 80 ಶೇಕಡಾಕ್ಕಿಂತ ಜಾಸ್ತಿ ತುಂಬಬಾರದು, ಒಂದು ಬಗೆಯ ಗ್ಯಾಸಿನ ಜೊತೆ ಇನ್ನೊಂದನ್ನು ಬೆರೆಸಬಾರದು. ಹಳೇ ಫ್ರಿಜ್ಜಿನಲ್ಲಿರುವ ಆರ್-12 ಅನ್ನುವ ಗ್ಯಾಸ್ ಓಝೋನ್ ಪದರವನ್ನು ಹಾಳು ಮಾಡುತ್ತದೆ, 1987ರ ಮಾಂಟ್ರಿಯಲ್ ಒಪ್ಪಂದ ಆಗಿದ್ದೇ ಇಂಥವುಗಳನ್ನು ನಿಲ್ಲಿಸುವುದಕ್ಕೆ. ಆಮೇಲೆ ಬಂದ ಆರ್-134ಎ ಗ್ಯಾಸ್ ಓಝೋನಿಗೆ ತೊಂದರೆ ಕೊಡುವುದಿಲ್ಲ, ಆದರೆ ಅದರ ಒಂದು ಕಿಲೋ ಗಾಳಿಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,400 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಹೆಚ್ಚುತ್ತದೆ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೋಬ್ಯುಟೇನ್. ಅದು ಅಡುಗೆ ಗ್ಯಾಸಿನ ನೆಂಟ, ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ‘ಫ್ರಿಜ್ಜಿನ ಗ್ಯಾಸೂ ಒಲೆಯ ಗ್ಯಾಸೂ ಒಂದೇನಾ ತಮ್ಮಾ’ ಅಂತ ಓಣಿಯ ಅಜ್ಜಿಯೊಬ್ಬರು ಕೇಳಿದ್ದು ಸುಮ್ನೆ ಅಲ್ಲ.

ಈಗ ಪದದ ವಿಷಯ. ‘ತೆಗೆ’ ಅಂದಾಗ ತೆಗೆದದ್ದು ಎಲ್ಲಿ ಹೋಯಿತು ಅನ್ನುವುದು ಗೊತ್ತಾಗುವುದಿಲ್ಲ. ‘ವಿಲೇವಾರಿ’ ಅಂತ ಬರೆದರೆ ಜನ ಬಿಸಾಡುವುದು ಅಂತಲೇ ತಿಳಿಯುತ್ತಾರೆ. ‘ಬಸಿ’ ನನಗೆ ಇಷ್ಟವಾಗಿತ್ತು, ಕಂಪ್ರೆಸರಿನ ಎಣ್ಣೆಗೆ ಅದು ಸರಿಯಾಗಿ ಕೂರುತ್ತದೆ. ಆದರೆ ಅನ್ನ ಬಸಿದರೆ ಗಂಜಿತಿಳಿ ಪಾತ್ರೆಯಲ್ಲಿ ಉಳಿಯುತ್ತದೆ, ಶಿರಸಿ ಕಡೆ ತೋಟದ ಬಸಿಗಾಲುವೆಯ ನೀರು ಹರಿದೇ ಹೋಗುತ್ತದೆ. ಹಾಗಾಗಿ ಅಲ್ಲೂ ಅದೇ ತೊಡಕು.

ಯೋಚಿಸುತ್ತಾ ‘ಇಳಿಸು’ ನೆನಪಾಯಿತು. ನಮ್ಮ ಕರಾವಳಿಯಲ್ಲಿ ಕಳ್ಳು ಇಳಿಸುತ್ತಾರೆ. ಇಳಿಸಿದ ಕಳ್ಳು ಗಡಿಗೆಯಲ್ಲಿದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಂಬಾಳೆ ಕೊಯ್ದವರು ಗಡಿಗೆ ಕಟ್ಟದೆ ಸುಮ್ಮನೆ ಇಳಿದು ಬರುವುದಿಲ್ಲ. ಇಲ್ಲಿ ನನಗೆ ಬೇಕಾದದ್ದು ನೇರವಾಗಿ ಇದೇ ಅರ್ಥ. ತೊಂದರೆ ಏನೆಂದರೆ ‘ಗ್ಯಾಸ್ ಇಳಿಸು’ ಅಂದ ಕೂಡಲೇ ನೆನಪಾಗುವುದು ಲಾರಿಯಿಂದ ಸಿಲಿಂಡರ್ ಇಳಿಸುವುದು. ಇನ್ನೊಂದು ‘ಹಿಡಿ’. ಕೊಡಕ್ಕೆ ನೀರು ಹಿಡಿಯುತ್ತೇವಲ್ಲ, ಸೂರಿನ ನೀರು ಹಿಡಿದಿಡುತ್ತೇವಲ್ಲ, ಹಾಗೆ ‘ಗ್ಯಾಸ್ ಹಿಡಿದಿಡಿಸಿರಿ’ ಅನ್ನಬಹುದಾ? ಅರ್ಥ ಸ್ಪಷ್ಟವಾಗಿದೆ, ಬಾಯಿಗೆ ಮಾತ್ರ ತೊಡರುತ್ತದೆ.

ಟ್ಯೂಬ್‌ಲೈಟಿನ ಪಾದರಸಕ್ಕೆ ಈ ಕಷ್ಟ ಇಲ್ಲ. ‘ಒಡೆಯದೆ ರಟ್ಟಿನ ಡಬ್ಬಿಯಲ್ಲೇ ಇಟ್ಟು ತನ್ನಿ’ ಅಂದರೆ ಸಾಕು.

ಇನ್ನೊಂದು ಸಣ್ಣ ಪ್ರಶ್ನೆ. ಚೀಟಿಯಲ್ಲಿ ‘ಗುಜರಿಗೆ ಹಾಕಬೇಡಿ’ ಅಂತ ಬರೆದಿದ್ದೆ. ಇಲ್ಲಿ ‘ಭಂಗಾರ’ ಅಂತ ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ ಅಂತ ಒಬ್ಬರು ಹೇಳಿದರು. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ, ಸರಿ. ಕೊಂಕಣಿಯಲ್ಲಿ ಭಾಂಗಾರ ಅಂದರೆ ಚಿನ್ನ, ಕನ್ನಡದಲ್ಲಿ ಬಂಗಾರವೂ ಚಿನ್ನವೇ. ಮೂರೂ ಭಾಷೆ ಆಡುವ ಊರಲ್ಲಿ ಆ ಪದ ಹಾಕಲು ನನಗೆ ಧೈರ್ಯ ಬರಲಿಲ್ಲ, ಗುಜರಿ ಅಂತಲೇ ಇಟ್ಟಿದ್ದೇನೆ.

ಭಟ್ಕಳ, ಕುಮಟಾ, ಶಿರಸಿ ಕಡೆಯವರು ನಿಮ್ಮ ಊರಿನ ಫ್ರಿಜ್ ಮೆಕ್ಯಾನಿಕ್ಕನ್ನು ಒಮ್ಮೆ ಕೇಳಿ ನೋಡಿ, ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಕೊಳ್ಳುವುದಕ್ಕೆ ಅವರ ಬಾಯಲ್ಲಿ ಯಾವ ಮಾತು ಇದೆ ಅಂತ. ‘ರಿಕವರಿ’ ಅಂದರೆ ಅದನ್ನೂ ಬರೆಯಿರಿ. ಚೀಟಿ ಮತ್ತೆ ಅಚ್ಚು ಹಾಕಿಸುವವರೆಗೆ ‘ಕೊಳವೆ ಕತ್ತರಿಸಬೇಡಿ, ಫ್ರಿಜ್ ಇದ್ದ ಹಾಗೇ ತನ್ನಿ’ ಅಂತ ಕೈಯಲ್ಲೇ ಬರೆದು ಅಂಟಿಸಿದ್ದೇನೆ.