ಜರ್ಮನಿಯಲ್ಲಿ ಮೆಕ್ಯಾನಿಕಲ್ ಎಂ.ಎಸ್ಸಿ: ಬರುವ ಅಕ್ಟೋಬರ್‌ಗೇ ಹೊರಡಲಾ, ಒಂದು ವರ್ಷ ತಡೆಯಲಾ?

ಚನ್ನಗಿರಿ ಮೆಕ್:

ಎಲ್ಲರಿಗೂ ನಮಸ್ಕಾರ. ನನ್ನದು ಚನ್ನಗಿರಿ ಹತ್ತಿರದ ಹಳ್ಳಿ. ವಿಟಿಯು ಮೆಕ್ಯಾನಿಕಲ್ ಬಿ.ಇ., ಸಿಜಿಪಿಎ 7.5. ಈಗ ಪೀಣ್ಯದಲ್ಲಿ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್) ಘಟಕದಲ್ಲಿ ಪ್ರೊಡಕ್ಷನ್ ಇಂಜಿನಿಯರ್ ಆಗಿದ್ದೇನೆ. ಕೆಲಸ ಇಷ್ಟ, ಆದರೆ ಇದೇ ಪ್ರೊಡಕ್ಷನ್ ಲೈನ್‌ನಲ್ಲಿ ಆಳವಾಗಿ ಓದಬೇಕು ಅಂತ ಆಸೆ. ಅದಕ್ಕೆ ಜರ್ಮನಿ ನೋಡುತ್ತಿದ್ದೇನೆ.

ಬೆಂಗಳೂರಿನ ಒಬ್ಬ ಏಜೆಂಟ್ ಬಳಿ ಹೋಗಿದ್ದೆ. "ಇಂಗ್ಲಿಷ್ ಕೋರ್ಸ್ ಇದೆ, ಜರ್ಮನ್ ಅಲ್ಲಿ ಹೋಗಿ ಕಲಿತರೆ ಸಾಕು, ಬರುವ ಅಕ್ಟೋಬರ್‌ಗೆ ಸೀಟು ಗ್ಯಾರಂಟಿ" ಅಂದರು. ಅವರು ತೋರಿಸಿದ್ದು ಒಂದು ಖಾಸಗಿ ವಿಶ್ವವಿದ್ಯಾಲಯ, ಫೀಸು ಜಾಸ್ತಿ. ಅಪ್ಪ ಎರಡು ಎಕರೆ ಅಡಿಕೆ ತೋಟ ಬ್ಯಾಂಕಿಗೆ ಇಟ್ಟು ಸಾಲ ತೆಗೆಯೋಣ ಅನ್ನುತ್ತಿದ್ದಾರೆ. ಅದನ್ನು ಕೇಳಿದರೆ ನಿದ್ದೆ ಬರುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈಗಲೇ ಹೊರಡಬೇಕಾ? ಇಲ್ಲ ಒಂದು ವರ್ಷ ಕೆಲಸ ಮಾಡುತ್ತಾ, ಜರ್ಮನ್ ಕಲಿತು, ಸ್ವಲ್ಪ ದುಡ್ಡು ಕೂಡಿಸಿ ಆಮೇಲೆ ಹೋಗಬೇಕಾ? ಅಲ್ಲಿ ಓದಿದವರು ದಯವಿಟ್ಟು ಹೇಳಿ.

ಸಾಲದ ಡೆಸ್ಕ್:

ತೋಟದ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲವನ್ನೇ ನೋಡಿಕೊಳ್ಳುವವನು. ಸಾಲ ಕಟ್ಟದಿದ್ದರೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳು ಬಳಸುವುದು 2002ರ ಸರ್ಫೇಸಿ ಕಾಯ್ದೆ. ಅದು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟವನ್ನು ಭದ್ರತೆಯಾಗಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮನೆ, ಎನ್‌ಎ (ಕೃಷಿಯೇತರ) ಆದ ಸೈಟು, ಎಫ್‌ಡಿ ಇಂಥದ್ದು ಕೇಳುತ್ತಾರೆ. ಅಪ್ಪನಿಗೆ ಹೇಳಿ, ತೋಟದ ಮೇಲೆ ಖಾಸಗಿಯವರ ಹತ್ತಿರ ಸಾಲ ಮಾಡುವ ಯೋಚನೆ ಖಂಡಿತ ಬೇಡ.

ಇನ್ನೊಂದು. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷದವರೆಗೆ ವಿನಾಯಿತಿ ಇದೆ. ಬ್ಯಾಂಕಿನ ಶಿಕ್ಷಣ ಸಾಲದಿಂದಲೇ ಹೊರದೇಶಕ್ಕೆ ಕಳಿಸಿದ ದುಡ್ಡಿಗೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ಕಳಿಸುವಾಗಲೇ ಹಿಡಿಯುವ ತೆರಿಗೆ) ಹಿಡಿಯುವುದಿಲ್ಲ. ಓದಿನ ವಿಷಯ ಬಲ್ಲವರು ಹೇಳಲಿ.

ಕೆಮ್ನಿಟ್ಸ್ ಅಕ್ಕ:

ನಾನು ಶಿವಮೊಗ್ಗದವಳು. ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಮಾಡಿ ಈಗ ಅದೇ ಸ್ಯಾಕ್ಸನಿ ರಾಜ್ಯದಲ್ಲೇ ಒಂದು ಕಾರ್ಖಾನೆಯಲ್ಲಿ ಪ್ರೋಸೆಸ್ ಇಂಜಿನಿಯರ್. ನಿಮ್ಮದೇ ಲೈನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ವರ್ಷ ತಡೆಯಿರಿ. ಆ ವರ್ಷವನ್ನು ಜರ್ಮನ್‌ಗೆ ಕೊಡಿ. ಬಿ1 (ಎ1, ಎ2 ಆದಮೇಲೆ ಬರುವ ಮೂರನೇ ಹಂತ) ಮುಗಿಸದೆ ವಿಮಾನ ಹತ್ತಬೇಡಿ. ಉಳಿದದ್ದೆಲ್ಲ ಇದರ ಸುತ್ತ ಸರಿಹೋಗುತ್ತದೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಪ್ರೊಡಕ್ಷನ್ ಕೆಲಸ ಇಲ್ಲಿ ಜರ್ಮನ್‌ನಲ್ಲೇ ನಡೆಯುತ್ತದೆ. ಪೀಣ್ಯದಲ್ಲಿ ನೀವು ಆಪರೇಟರ್ ಜೊತೆ ಕನ್ನಡದಲ್ಲಿ ಮಾತಾಡುತ್ತೀರಿ ಅಲ್ವಾ, ಇಲ್ಲಿಯೂ ಅವರು ಅವರ ಭಾಷೆಯಲ್ಲೇ ಮಾತಾಡುತ್ತಾರೆ. ನಮ್ಮಲ್ಲಿ ಬೆಳಗ್ಗೆ ಆರಕ್ಕೆ ಪಾಳಿ ಬದಲಾಗುತ್ತದೆ. ರಾತ್ರಿಯವರು ಮಷಿನ್ ಪಕ್ಕದ ಪುಸ್ತಕದಲ್ಲಿ ಕೈಯಲ್ಲಿ ನಾಲ್ಕು ಸಾಲು ಗೀಚಿ ಹೋಗಿರುತ್ತಾರೆ. ಯಾವ ಟೂಲ್ ಬದಲಾಯಿತು, ಎಷ್ಟನೇ ಪೀಸಿನಿಂದ ಬೋರ್ (ಕೊರೆದ ರಂಧ್ರ) ದೊಡ್ಡದಾಗುತ್ತಾ ಬಂತು, ಆಫ್‌ಸೆಟ್ ಎಷ್ಟು ಮೈಕ್ರಾನ್ ಕೊಟ್ಟರು, ಸ್ಪಿಂಡಲ್ ಯಾವ ವೇಗದಲ್ಲಿ ಸದ್ದು ಮಾಡಿತು. ಅರ್ಧ ಪದಗಳು ಸಂಕ್ಷಿಪ್ತ, ಅಕ್ಷರ ವಕ್ರ. ಆಮೇಲೆ ಐದಾರು ಜನ ಡ್ರಾಯಿಂಗ್ ಸುತ್ತ ನಿಂತು ಸ್ಯಾಕ್ಸನ್ ಉಚ್ಚಾರಣೆಯಲ್ಲಿ ಚಕಚಕನೆ ಮಾತಾಡಿ ಮುಗಿಸುತ್ತಾರೆ. ಯಾರೂ ನಿಮಗೋಸ್ಕರ ಇಂಗ್ಲಿಷ್‌ಗೆ ತಿರುಗುವುದಿಲ್ಲ. ಅವರಿಗೆ ಸಿಟ್ಟೇನಿಲ್ಲ, ಐವತ್ತು ದಾಟಿದ ಎಷ್ಟೋ ಜನ ಪೂರ್ವ ಜರ್ಮನಿಯ ಶಾಲೆಗಳಲ್ಲಿ ಓದುವಾಗ ಕಡ್ಡಾಯವಾಗಿ ಕಲಿತದ್ದು ರಷ್ಯನ್. ಅವರ ಹತ್ತಿರ ಇರುವ ಅನುಭವ ಮಾತ್ರ ಬಂಗಾರ. ಆ ಮಾತು ಅರ್ಥವಾದರೆ ನಿಮ್ಮ ಥೀಸಿಸ್‌ಗೆ ಬೇಕಾದ ಸಮಸ್ಯೆ ಅಲ್ಲೇ ಸಿಕ್ಕಿಬಿಡುತ್ತದೆ.

ಓದುತ್ತಾ ಕಾರ್ಖಾನೆಯಲ್ಲಿ ಮಾಡುವ ಕೆಲಸಕ್ಕೆ ವೆರ್ಕ್‌ಸ್ಟುಡೆಂಟ್ ಅನ್ನುತ್ತಾರೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ಡಿಗ್ರಿ ಆದಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಈ ಎರಡೂ ಕಡೆ ಅರ್ಜಿ ಜರಡಿಯಾಗುವುದು ಭಾಷೆಯಲ್ಲಿ. ಇಂಗ್ಲಿಷ್ ಕೋರ್ಸಿಗೆ ಬಂದ ನಮ್ಮ ಹುಡುಗರು, ಒಳ್ಳೇ ಅಂಕ ಇರುವವರು, ಗೋದಾಮಿನಲ್ಲಿ ಪಾರ್ಸೆಲ್ ಎತ್ತುತ್ತಾ ಎರಡು ವರ್ಷ ಕಳೆಯುವುದನ್ನು ನೋಡಿದ್ದೇನೆ. ಆ ಕೆಲಸದಲ್ಲಿ ಅವಮಾನ ಏನೂ ಇಲ್ಲ. ಆದರೆ ಅಲ್ಲಿ ದಣಿದು ಬಂದು ರಾತ್ರಿ ಜರ್ಮನ್ ಕಲಿಯಲು ಯಾರಿಗೂ ಶಕ್ತಿ ಉಳಿಯುವುದಿಲ್ಲ. "ಅಲ್ಲಿ ಹೋಗಿ ಕಲಿ" ಅನ್ನುವವರು ಇದನ್ನು ಹೇಳುವುದಿಲ್ಲ. ಮೊದಲ ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಅದರ ಮೇಲೆ ಮನೆ ಹುಡುಕಾಟ, ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ವಿಮೆ, ಬ್ಯಾಂಕು. ಎ1ರಿಂದ ಶುರು ಮಾಡಲು ಸಮಯ ಎಲ್ಲಿದೆ?

ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಾರಾಂತ್ಯದ ತರಗತಿ ಸಿಗುತ್ತದಾ ನೋಡಿ. ಕೆಲಸ ಬಿಡದೆ ಒಂದು ವರ್ಷದಲ್ಲಿ ಬಿ1 ಕಷ್ಟ, ಆದರೆ ದಿನಾ ಕೂತರೆ ಆಗುತ್ತದೆ.

ಏಜೆಂಟರ ವಿಷಯ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ, ಸೆಮಿಸ್ಟರ್‌ಗೆ ಒಂದು ಸಣ್ಣ ವಂತಿಗೆ ಕಟ್ಟಿದರೆ ಆಯಿತು. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಹಾಕಿದೆ. ಶುಲ್ಕವಿಲ್ಲದ ಕಡೆಯಿಂದ ಏಜೆಂಟರಿಗೆ ಕಮಿಷನ್ ಹುಟ್ಟುವುದಿಲ್ಲ. ಅವರು ಖಾಸಗಿ ವಿಶ್ವವಿದ್ಯಾಲಯ ಯಾಕೆ ತೋರಿಸಿದರು ಅಂತ ನಿಮಗೇ ಗೊತ್ತಾಗುತ್ತದೆ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ವೆಬ್‌ಸೈಟಿನಲ್ಲಿ ಎಲ್ಲ ಕೋರ್ಸುಗಳ ಪಟ್ಟಿ ಇದೆ. ಶುಲ್ಕ, ಭಾಷೆ, ಊರು ಹಾಕಿ ಸೋಸಿ ನೋಡಿ. ಒಂದು ಭಾನುವಾರದ ಕೆಲಸ.

ಚನ್ನಗಿರಿ ಮೆಕ್:

ಅಕ್ಕ, ತುಂಬಾ ಥ್ಯಾಂಕ್ಸ್. ಸಾಲದ ಡೆಸ್ಕ್ ಅವರಿಗೂ. ತೋಟದ ಮಾತು ಅಪ್ಪನಿಗೆ ಓದಿ ಹೇಳಿದೆ, ಅವರಿಗೂ ಸಮಾಧಾನ ಆದ ಹಾಗಿತ್ತು. ಎರಡು ಅನುಮಾನ. ವೀಸಾಕ್ಕೆ ಕೇಳುವ ಬ್ಲಾಕ್ಡ್ ಅಕೌಂಟ್ ಅನ್ನುವುದು ಶುಲ್ಕವಾ, ಠೇವಣಿಯಾ? 7.5ಕ್ಕೆ ಒಳ್ಳೇ ಕಡೆ ಸೀಟು ಸಿಗುತ್ತದಾ?

ಸ್ಟುಟ್‌ಗಾರ್ಟ್ ಎಂಬೆಡೆಡ್:

ಅಕ್ಕನ ಮಾತಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಧಾರವಾಡದವನು, ಇಲ್ಲಿ ಕಂಟ್ರೋಲ್ ಸಾಫ್ಟ್‌ವೇರ್ ಬರೆಯುತ್ತೇನೆ. ನಮ್ಮ ಟೀಮಿನಲ್ಲಿ ಸ್ಪೇನ್, ಟರ್ಕಿ, ವಿಯೆಟ್ನಾಂ, ಪುಣೆ ಎಲ್ಲ ಕಡೆಯವರಿದ್ದಾರೆ. ದಿನವಿಡೀ ಇಂಗ್ಲಿಷ್. ನಾನು ಎ2 ಮುಗಿಸಿ ಬಂದವನು. ಒಂದು ವರ್ಷ ತಡೆದರೆ ಇಲ್ಲಿ ದುಡಿಯುವ ಒಂದು ವರ್ಷ ಕೈಬಿಟ್ಟಂತೆ. ಸಿಮುಲೇಷನ್, ರೋಬೋಟಿಕ್ಸ್, ಪಿಎಲ್‌ಸಿ (ಮಷಿನ್ ನಿಯಂತ್ರಿಸುವ ಕಂಪ್ಯೂಟರ್) ಕಡೆ ವಾಲುವ ಮನಸ್ಸಿದ್ದರೆ ಈ ವರ್ಷವೇ ಅರ್ಜಿ ಹಾಕಿ.

ಆದರೆ ಆಟೋಮೊಬೈಲ್ ಅಂತ ಕಣ್ಣುಮುಚ್ಚಿ ಬರಬೇಡಿ. ಫೋಕ್ಸ್‌ವಾಗನ್ 2024ರ ಡಿಸೆಂಬರ್‌ನಲ್ಲೇ ಕಾರ್ಮಿಕ ಸಂಘದ ಜೊತೆ ಕೂತು, 2030ರೊಳಗೆ 35,000 ಹುದ್ದೆ ಕಡಿಮೆ ಮಾಡುವುದಕ್ಕೆ ಒಪ್ಪಂದ ಮಾಡಿಕೊಂಡಿದೆ. ಬಿಡಿಭಾಗ ಮಾಡುವ ಕಂಪನಿಗಳಲ್ಲಿಯೂ ಇದೇ ಪಾಡು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕೋರ್ಸ್ ಆರಿಸುವಾಗ ತಲೆಯಲ್ಲಿರಲಿ.

ಕೆಮ್ನಿಟ್ಸ್ ಅಕ್ಕ:

ಧಾರವಾಡದ ತಮ್ಮ ಹೇಳಿದ್ದು ಸಾಫ್ಟ್‌ವೇರ್‌ಗೆ ನಿಜ. ಆದರೆ ಇವರು ಪ್ರೊಡಕ್ಷನ್ ಇಷ್ಟ ಅಂತ ಬರೆದಿದ್ದಾರೆ. ಇಷ್ಟವಿರುವ ಕೆಲಸವನ್ನು ಭಾಷೆಗೆ ಹೆದರಿ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ. ಹುದ್ದೆ ಕಡಿಮೆಯಾಗುತ್ತಿರುವ ಕಾಲದಲ್ಲಂತೂ ಜರ್ಮನ್ ಬರುವ ಅಭ್ಯರ್ಥಿಯನ್ನು ಬಿಟ್ಟು ಬಾರದವರನ್ನು ಯಾಕೆ ಕರೆಯುತ್ತಾರೆ? ಆ ಸುದ್ದಿ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ.

ಈಗ ನಿಮ್ಮ ಅನುಮಾನಕ್ಕೆ. ಬ್ಲಾಕ್ಡ್ ಅಕೌಂಟ್ ಶುಲ್ಕ ಅಲ್ಲ, ನಿಮ್ಮದೇ ದುಡ್ಡು. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ಇಡಬೇಕು. ಇಲ್ಲಿಗೆ ಬಂದಮೇಲೆ ತಿಂಗಳಿಗೆ 992 ಯೂರೋ ಹಾಗೆ ನಿಮ್ಮ ಖಾತೆಗೆ ಬಿಡುತ್ತಾರೆ. ಯೂರೋಗೆ ನೂರು ರೂಪಾಯಿ ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ಕೆಮ್ನಿಟ್ಸ್‌ನಂಥ ಊರಲ್ಲಿ ಹಾಸ್ಟೆಲ್ ಸಿಕ್ಕರೆ ಅಷ್ಟರಲ್ಲಿ ಬದುಕಿ ಸ್ವಲ್ಪ ಉಳಿಸಲೂಬಹುದು. ಮ್ಯೂನಿಕ್‌ನಲ್ಲಿ ಬಾಡಿಗೆಯೇ ನುಂಗಿಬಿಡುತ್ತದೆ. ಹೆಸರು ನೋಡಿ ಊರು ಆರಿಸಬೇಡಿ. ಕೆಮ್ನಿಟ್ಸ್ ಹಳೇ ಮಷಿನ್ ಟೂಲ್ ಊರು, ಫ್ರೌನ್‌ಹೋಫರ್‌ನ ಮಷಿನ್ ಟೂಲ್ ಸಂಶೋಧನಾ ಸಂಸ್ಥೆ ಇರುವುದೂ ಇಲ್ಲೇ. ನಿಮ್ಮ ಲೈನಿಗೆ ಇದಕ್ಕಿಂತ ಏನು ಬೇಕು?

ಸಿಜಿಪಿಎ ವಿಷಯ ಗಮನವಿಟ್ಟು ಓದಿ, ಇಲ್ಲಿ ಬಹಳ ಜನ ಸುಮ್ನೆ ಹೆದರುತ್ತಾರೆ. ಜರ್ಮನ್ ಪದ್ಧತಿಯಲ್ಲಿ 1.0 ಅತಿ ಒಳ್ಳೆಯದು, 4.0 ಪಾಸ್ ಗೆರೆ. ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ನಡುವಿನ ಅಂತರದಿಂದ ಭಾಗಿಸಿ. ಮೂರರಿಂದ ಗುಣಿಸಿ ಒಂದು ಕೂಡಿಸಿ. ಗರಿಷ್ಠ 10, ಪಾಸ್ 5 ಅಂತ ಹಿಡಿದರೆ ನಿಮ್ಮ 7.5 ಬರುವುದು 2.5ಕ್ಕೆ. ಪಾಸ್ 4 ಅಂತ ಹಿಡಿದರೆ 2.25. ಹಲವು ಕೋರ್ಸುಗಳ ಗೆರೆ 2.5. ಅಂದರೆ ಪಾಸ್ ಅಂಕ ಯಾವುದು ಅನ್ನುವ ಒಂದೇ ಸಾಲಿನ ಮೇಲೆ ನಿಮ್ಮ ಸ್ಥಾನ ಬದಲಾಗುತ್ತದೆ. ನಿಮ್ಮ ಸ್ಕೀಮಿನ ನಿಯಮ ಇರುವ ಪುಟವನ್ನು ವಿಟಿಯುನಿಂದ ಅಧಿಕೃತವಾಗಿ ತೆಗೆದಿಟ್ಟುಕೊಳ್ಳಿ.

ಜೊತೆಗೆ ಎಲ್ಲ ವಿಷಯಗಳ ಸಿಲಬಸ್ ಕೂಡ ಬೇಕು. ಗಣಿತ ಎಷ್ಟು, ಮೆಕ್ಯಾನಿಕ್ಸ್ ಎಷ್ಟು, ಮ್ಯಾನುಫ್ಯಾಕ್ಚರಿಂಗ್ ಎಷ್ಟು ಅಂತ ಅವರು ತಾಳೆ ನೋಡುತ್ತಾರೆ. ಒಳ್ಳೇ ಸಿಜಿಪಿಎ ಇದ್ದೂ ವಿಷಯ ತಾಳೆಯಾಗದೆ ವಾಪಸ್ ಬಂದ ಅರ್ಜಿಗಳು ಬಹಳ. ಹಾಗೆಯೇ ಕೋರ್ಸಿನ ಮಾಡ್ಯೂಲ್ ಹ್ಯಾಂಡ್‌ಬುಕ್ ತೆಗೆದು ಒಂದೊಂದೇ ವಿಷಯದ ಬೋಧನಾ ಭಾಷೆ ನೋಡಿ. ಕೋರ್ಸ್ ಇಂಗ್ಲಿಷ್ ಅಂತ ಇದ್ದರೂ ಒಳ್ಳೊಳ್ಳೆ ಐಚ್ಛಿಕ ವಿಷಯಗಳು ಜರ್ಮನ್‌ನಲ್ಲಿ ಇರುತ್ತವೆ.

ಚನ್ನಗಿರಿ ಮೆಕ್:

ಸೂತ್ರ ಹಾಕಿ ನೋಡಿದೆ, ಧೈರ್ಯ ಬಂತು. ಒಂದು ವರ್ಷ ತಡೆಯುತ್ತೇನೆ ಅಕ್ಕ. ಕೊನೆಯದಾಗಿ, ಪರೀಕ್ಷೆ ಬಹಳ ಕಷ್ಟ ಅನ್ನುತ್ತಾರೆ. ಹೇಗಿರುತ್ತದೆ?

ಕೆಮ್ನಿಟ್ಸ್ ಅಕ್ಕ:

ಕಷ್ಟಕ್ಕಿಂತ ಬೇರೆ ರೀತಿ. ವಿಟಿಯುನಲ್ಲಿ ಮಾಡ್ಯೂಲ್‌ಗೆ ಎರಡು ಪ್ರಶ್ನೆ, ಒಂದು ಬರೆದರೆ ಸಾಕು. ಇಲ್ಲಿ ಆ ಆಯ್ಕೆ ಇರುವುದಿಲ್ಲ. ಎಷ್ಟೋ ವಿಷಯಗಳಲ್ಲಿ ಇಂಟರ್ನಲ್ಸ್ ಇಲ್ಲ. ಸೆಮಿಸ್ಟರ್ ಕೊನೆಯ 90 ಅಥವಾ 120 ನಿಮಿಷದ ಒಂದು ಪರೀಕ್ಷೆಯೇ ಪೂರ್ತಿ ಅಂಕ. ಕೆಲವು ಬಾಯಿಪರೀಕ್ಷೆ. ಪ್ರೊಫೆಸರ್ ಎದುರು ಕೂರಿಸಿ, ಬಿಳಿ ಹಾಳೆ ತಳ್ಳಿ, "ಈ ಗ್ರಾಫ್ ಬರಿ, ಈ ಬಾಗು ಯಾಕೆ ಹೀಗಿದೆ ಹೇಳು" ಅನ್ನುತ್ತಾರೆ. ಬಾಯಿಪಾಠ ಮಾಡಿದ್ದು ಅಲ್ಲಿ ಎರಡು ನಿಮಿಷ ನಿಲ್ಲುವುದಿಲ್ಲ. ನೀವು ದಿನಾ ಮಷಿನ್ ಮುಂದೆ ನಿಲ್ಲುವವರು, ಕಟಿಂಗ್ ಫೋರ್ಸ್ ಯಾಕೆ ಏರುತ್ತದೆ ಅಂತ ಕಣ್ಣಾರೆ ನೋಡಿದವರು. ನಿಮಗೆ ಅದು ಅನುಕೂಲವೇ.

ಒಂದು ಎಚ್ಚರಿಕೆ. ತರಗತಿಗೆ ಸೇರಿದರೆ ಪರೀಕ್ಷೆಗೂ ಸೇರಿದಂತಲ್ಲ, ಪ್ರತಿ ಪರೀಕ್ಷೆಗೂ ಬೇರೆ ನೋಂದಣಿ, ಗಡುವು ಇರುತ್ತದೆ. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲಿ ಆಸೆಬಿದ್ದು ಎಲ್ಲ ಪರೀಕ್ಷೆ ಒಟ್ಟಿಗೆ ತಗೋಬೇಡಿ. ಹಳೇ ಪ್ರಶ್ನೆಪತ್ರಿಕೆಗಳು ವಿದ್ಯಾರ್ಥಿ ಮಂಡಳಿಯಲ್ಲಿ ಸಿಗುತ್ತವೆ, ನಾಚಿಕೆಪಡದೆ ಕೇಳಿ.

ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಮಾತ್ರ ತಡ ಮಾಡಬೇಡಿ. 2022ರ ನವೆಂಬರ್‌ನಿಂದ ಭಾರತೀಯರ ವಿದ್ಯಾರ್ಥಿ ವೀಸಾಕ್ಕೆ ಅದು ಕಡ್ಡಾಯ, ಶುಲ್ಕ 18,000 ರೂಪಾಯಿ. ಬರಲು ವಾರಗಟ್ಟಲೆ ಹಿಡಿಯುತ್ತದೆ. ಎಷ್ಟೋ ವಿಶ್ವವಿದ್ಯಾಲಯಗಳು ಅರ್ಜಿ ಹಂತದಲ್ಲೇ ಕೇಳುತ್ತವೆ. ಅಕ್ಟೋಬರ್ ಪ್ರವೇಶಕ್ಕೆ ಕೆಲವು ಕಡೆ ಮಾರ್ಚ್‌ಗೇ ಅರ್ಜಿ ಮುಗಿಯುತ್ತದೆ, ಕೆಲವು ಕಡೆ ಜುಲೈ 15. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯುನಿ ಅಸಿಸ್ಟ್ ಮೂಲಕ ಹಾಕುವುದಾದರೆ ಮೊದಲ ಅರ್ಜಿಗೆ 75 ಯೂರೋ, ಆಮೇಲೆ ಒಂದೊಂದಕ್ಕೆ 30. ಆರೇಳು ಕಡೆ ಹಾಕಿ, ಇಪ್ಪತ್ತು ಕಡೆ ಬೇಡ. ಕೋರ್ಸ್ ಆರಿಸಿದಮೇಲೆ ಪಟ್ಟಿ ಇಲ್ಲೇ ಹಾಕಿ. ಹ್ಯಾಂಡ್‌ಬುಕ್ ತೆಗೆದು ನಾನೂ ಒಂದು ಸಲ ನೋಡಿ ಹೇಳುತ್ತೇನೆ.