1926ರಲ್ಲಿ ಎಲೆಕ್ಷನ್‌ಗೆ ನಿಂತು ಸೋತ ಕಮಲಾದೇವಿ ಬಗ್ಗೆ ಮಗಳಿಗೆ ಏನು ಹೇಳಲಿ?

ಜಯನಗರದ ಅಪ್ಪ

ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಶುಕ್ರವಾರ ಶಾಲೆಯಲ್ಲಿ ಐದು ನಿಮಿಷದ ಭಾಷಣ ಮಾಡಬೇಕು. ಹೆಣ್ಣುಮಕ್ಕಳಿಗೆ ಓಟು ಹೇಗೆ ಬಂತು ಅನ್ನೋದು ವಿಷಯ. ಅವಳೇ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ಆರಿಸಿಕೊಂಡಳು. ನಿನ್ನೆ ರಾತ್ರಿ ಅರ್ಧ ಬರೆದು ಪೆನ್ನು ಕೆಳಗಿಟ್ಟಳು. "ಅಪ್ಪಾ, ಇವರು ಸೋತಿದ್ದಾರಲ್ವಾ? ಸೋತಿದ್ದನ್ನ ಐದು ನಿಮಿಷ ಏನಂತ ಹೇಳಲಿ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಕರಕುಶಲಕ್ಕೆ ಅವರು ಮಾಡಿದ್ದು ಎಲ್ಲ ಕಡೆ ಸಿಗುತ್ತದೆ. ಆ ಎಲೆಕ್ಷನ್ ಬಗ್ಗೆ ಮಾತ್ರ ಒಂದೇ ಸಾಲು. ತಿಳಿದವರು ಹೇಳ್ತೀರಾ?

ಮಲ್ಲೇಶ್ವರದ ನಿವೃತ್ತ ಟೀಚರ್

ನನ್ನ ಊರು ಮಂಗಳೂರು. ಬೆಂಗಳೂರಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲೆಕ್ಷನ್‌ನಿಂದ ಶುರು ಮಾಡಬೇಡಿ. ಮನೆಯಿಂದ ಶುರು ಮಾಡಿ. ಕಮಲಾದೇವಿ ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ಅಪ್ಪ ದೊಡ್ಡ ಸರ್ಕಾರಿ ಅಧಿಕಾರಿ. ಅವಳಿಗೆ ಏಳು ವರ್ಷ ಆದಾಗ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳಿಗಿಷ್ಟು ಅಂತ ಜೀವನಾಂಶ. ಆಕೆ ಅದನ್ನೂ ಬೇಡ ಅಂದರು. ತವರಿನಿಂದ ತಂದದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಆಗ ಓಟು ಇದ್ದದ್ದು ಆಸ್ತಿಗೆ. ಜಮೀನಿರಬೇಕು, ಇಲ್ಲವೇ ತೆರಿಗೆ ಕಟ್ಟುತ್ತಿರಬೇಕು. ಮದ್ರಾಸ್ ಪ್ರಾಂತ್ಯದಲ್ಲಿ 1921ರಲ್ಲಿ ಹೆಂಗಸರಿಗೂ ಓಟು ಕೊಟ್ಟರು, ನಿಜ. ಆದರೆ ಎಷ್ಟು ಹೆಂಗಸರ ಹೆಸರಲ್ಲಿ ಆಸ್ತಿ ಇತ್ತು? ಗಿರಿಜಾಬಾಯಿಯಂಥ ಅನುಕೂಲಸ್ಥರ ಮನೆಯ ಕಥೆಯೇ ಹೀಗಿತ್ತು. ಹಾಗಾಗಿ 1926ರಲ್ಲಿ ಕಮಲಾದೇವಿ ಓಟು ಕೇಳಬೇಕಾಗಿದ್ದು ಜಾಸ್ತಿ ಗಂಡಸರ ಹತ್ತಿರವೇ.

ಆಗ ಅವರಿಗೆ ಇಪ್ಪತ್ಮೂರು. ಹದಿನಾಲ್ಕಕ್ಕೆ ಮದುವೆ, ಎರಡು ವರ್ಷಕ್ಕೆ ವಿಧವೆ. ಆಮೇಲೆ ಮದ್ರಾಸಿನಲ್ಲಿ ಓದು. ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರನ್ನು ಮದುವೆಯಾದದ್ದಕ್ಕೆ ಜನ ಆಡಿಕೊಂಡಿದ್ದರು. ಅಂಥ ಹುಡುಗಿ ಅದೇ ಮಂಗಳೂರಿಗೆ ಬಂದು, ಅದೇ ಜನರ ಎದುರು "ನನಗೆ ಓಟು ಹಾಕಿ" ಅನ್ನಬೇಕು. ನಿಮ್ಮ ಮಗಳು ಇಲ್ಲಿ ಒಂದು ನಿಮಿಷ ನಿಲ್ಲಲಿ.

ನಿಲ್ಲಿ ಅಂತ ಒತ್ತಾಯ ಮಾಡಿದವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನವರು. ಓಟಿಗಾಗಿ ಅಲ್ಲಿ ಸರ್ಕಾರಿ ಕಟ್ಟಡದ ಗಾಜು ಒಡೆದು ಜೈಲು ಕಂಡವರು. 1917ರಲ್ಲಿ ಭಾರತದ ಹೆಂಗಸರಿಗೂ ಓಟು ಬೇಕು ಅಂತ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೇಗು ಅವರನ್ನು ಕಂಡ ನಿಯೋಗದ ಹಿಂದೆ ಇದ್ದವರೂ ಇವರೇ. ಹೆಂಗಸರು ಕೌನ್ಸಿಲ್ಲಿಗೆ, ಅಂದರೆ ಪ್ರಾಂತ್ಯದ ಶಾಸನಸಭೆಗೆ, ನಿಲ್ಲಬಹುದು ಅಂತ ಆಗಿದ್ದೇ 1926ರಲ್ಲಿ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ವಾರ. ಕಮಲಾದೇವಿ ಪಕ್ಷೇತರರಾಗಿ ನಿಂತರು. ಕೆಲವೇ ಓಟುಗಳಿಂದ ಸೋತರು. ಓಟು ಹಾಕಿದವರಲ್ಲಿ ಹೆಚ್ಚಿನವರು ಗಂಡಸರು, ಅಭ್ಯರ್ಥಿ ಒಬ್ಬ ಹೆಂಗಸು, ಆದರೂ ಅಷ್ಟು ಹತ್ತಿರ ಬಂದರು. ನಿಮ್ಮ ಮಗಳ ಪ್ರಶ್ನೆಗೆ ನನ್ನ ಉತ್ತರ ಇದೇ.

ಇನ್ನೊಂದು ಹೇಳಲೇಬೇಕು. ನಾನು ವೋಟರ್ ಲಿಸ್ಟ್ ಡ್ಯೂಟಿ ಮಾಡಿದ್ದೇನೆ. ಯಶವಂತಪುರದ ಒಂದು ವಠಾರ. ಬಾಗಿಲು ತೆಗೆದ ಹೆಂಗಸಿನ ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಹೆಸರು ಕೇಳಿದೆ. "ನಂದ್ಯಾಕೆ ಮೇಡಂ, ಅವರದ್ದೇ ಬರ್ಕೊಳ್ಳಿ" ಅಂದರು. ಮೂರು ಸಲ ಕೇಳಿದ ಮೇಲೆ ತಮ್ಮ ಹೆಸರು ಹೇಳಿದರು, ಅದೂ ಮೆಲ್ಲಗೆ. ನಮ್ಮ ಮೊದಲ ಮಹಾಚುನಾವಣೆ, 1951-52ರದ್ದು, ಅದಕ್ಕೆ ಪಟ್ಟಿ ಮಾಡುವಾಗ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದ್ದರು. ಸ್ವಂತ ಹೆಸರು ಕೊಟ್ಟಿರಲಿಲ್ಲ. ಅದಕ್ಕೂ ಇಪ್ಪತ್ತೈದು ವರ್ಷ ಮುಂಚೆ ಈ ಹುಡುಗಿ ಅಭ್ಯರ್ಥಿಗಳ ಪಟ್ಟಿಯಲ್ಲೇ ತನ್ನ ಹೆಸರು ಬರೆಸಿದ್ದಳು.

ಹಳೇ ಪೇಪರ್ ಓದುವವನು

ಟೀಚರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಭಾಷಣದಲ್ಲಿ "ಕರ್ನಾಟಕದ ಚುನಾವಣೆ" ಅಂತ ಬರೀಬೇಡಿ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ಬೆಂಗಳೂರು ಮೈಸೂರು ಸಂಸ್ಥಾನದಲ್ಲಿ. ಇಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರು ಓಟು ಹಾಕಬಹುದು ಅಂತ ಆಗಿದ್ದು 1923ರಲ್ಲಿ.

"ಎಲೆಕ್ಷನ್‌ಗೆ ನಿಂತ ಮೊದಲ ಮಹಿಳೆ" ಅನ್ನುವಾಗಲೂ ಸ್ವಲ್ಪ ಜೋಪಾನ. ಅದೇ ಮದ್ರಾಸ್ ಕೌನ್ಸಿಲ್ ಚುನಾವಣೆಗೆ ಹ್ಯಾನೆನ್ ಏಂಜೆಲೋ ಅನ್ನುವವರೂ ನಿಂತು ಸೋತರು. ಆಮೇಲೆ ಸರ್ಕಾರ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಆ ಕೌನ್ಸಿಲ್ಲಿಗೆ ನಾಮನಿರ್ದೇಶನ ಮಾಡಿತು. ಅವರು ಆ ಸಭೆಯ ಉಪಾಧ್ಯಕ್ಷರೂ ಆದರು.

ಬಸವನಗುಡಿ ಅಜ್ಜಿ

ಉಪ್ಪಿನ ಕಥೆ ಬಿಡಬೇಡಿ. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗೆ ಹೆಂಗಸರನ್ನು ಕರೆದುಕೊಳ್ಳಲಿಲ್ಲ. ಕಮಲಾದೇವಿ ದಾರಿಯಲ್ಲೇ ಹೋಗಿ ಅವರನ್ನು ಕಂಡು ವಾದ ಮಾಡಿದರು. ಆಮೇಲೆ ಮುಂಬೈಯಲ್ಲಿ ಉಪ್ಪು ಮಾಡಿ ಷೇರು ಪೇಟೆಗೇ ಹೋಗಿ ಪೊಟ್ಟಣ ಮಾರಿದರು. ಮಕ್ಕಳಿಗೆ ಇಂಥದ್ದು ಹೇಳಿದರೆ ಮರೆಯೋದಿಲ್ಲ.

ಜಯನಗರದ ಅಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಉಯಿಲಿನ ವಿಷಯ ಬಂದಾಗ ಅವಳು, "ನಮ್ಮ ಮನೆ ಯಾರ ಹೆಸರಲ್ಲಿದೆ?" ಅಂತ ಕೇಳಿದಳು. ನನ್ನ ಹೆಸರಲ್ಲಿ ಅಂದೆ. ಅಮ್ಮನ ಕಡೆ ನೋಡಿದಳು. ಆಮೇಲೆ ಹಳೇ ಹಾಳೆ ಹರಿದು ಗಿರಿಜಾಬಾಯಿಯಿಂದ ಬರೆಯೋಕೆ ಶುರು ಮಾಡಿದ್ದಾಳೆ.