ರೈಲ್ವೆಗೆ ಹೋದ ಮುತ್ತಜ್ಜನ ಹೊಲ: ಎಕರೆಗೆ 80 ರೂಪಾಯಿ ಅಂತ ನಿಗದಿ ಮಾಡಿದ್ದು ಯಾರು?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಧಾರವಾಡ ಜಿಲ್ಲೆ. ಮನೆಯ ಹಳೇ ಟ್ರಂಕಿನಲ್ಲಿ 1907ರ ಒಂದು ಕಾಗದ ಸಿಕ್ಕಿತು. ಮೋಡಿ ಲಿಪಿಯಲ್ಲಿದೆ (ಹಳೇ ಮರಾಠಿ ಕೈಬರಹ), ಗೊತ್ತಿರುವ ಹಿರಿಯರೊಬ್ಬರಿಂದ ಓದಿಸಿದೆ. ಸ್ಟೇಷನ್ ಯಾರ್ಡ್ ದೊಡ್ಡದು ಮಾಡಲು ಮುತ್ತಜ್ಜನ 2 ಎಕರೆ 14 ಗುಂಟೆ ಎರೆಹೊಲ ತಗೊಂಡಿದ್ದಾರೆ. ಎಕರೆಗೆ 80ರ ಲೆಕ್ಕದಲ್ಲಿ 188 ರೂಪಾಯಿ, ಎರಡು ಬೇವಿನ ಮರಕ್ಕೆ 12, ಮೇಲೆ 30. ಒಟ್ಟು 230. ಕೆಳಗೆ ಮುತ್ತಜ್ಜನ ಹೆಬ್ಬೆಟ್ಟು. ಹೊಲದಲ್ಲಿ ಬಾವಿಯೂ ಇತ್ತು ಅಂತ ಅಜ್ಜಿ ಹೇಳುತ್ತಿದ್ದರು. ಬಿಳಿಯರ ಕಂಪನಿ ಬೇಕಂತಲೇ ಕಡಿಮೆ ಬೆಲೆ ಕೊಟ್ಟಿತು ಅನ್ನೋದು ಮನೆಯವರ ಮಾತು. ಆ 30 ರೂಪಾಯಿ ಯಾಕೆ? ಈಗ ಏನಾದರೂ ಕೇಳಬಹುದಾ?

ಉತ್ತರ: ನಮಸ್ಕಾರ. ನೀವು ಹಾಕಿದ ಕಾಗದದ ಫೋಟೋ ದೊಡ್ಡದು ಮಾಡಿ ಎರಡು ಸಲ ನೋಡಿದೆ. ಭೂಸ್ವಾಧೀನದ ಕೇಸುಗಳನ್ನೇ ಇಷ್ಟು ವರ್ಷ ನಡೆಸಿದವಳು ನಾನು, ಇಂಥ ಕಾಗದ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲು ಆ 30. 1894ರ ಭೂಸ್ವಾಧೀನ ಕಾಯ್ದೆಯಲ್ಲಿ, ಮಾಲೀಕ ಮನಸ್ಸಿಲ್ಲದೆ ಜಮೀನು ಬಿಟ್ಟುಕೊಡಬೇಕಲ್ಲ, ಅದಕ್ಕೆ ಮಾರುಕಟ್ಟೆ ಬೆಲೆಯ ಮೇಲೆ 15% ಸೇರಿಸಿ ಕೊಡುತ್ತಿದ್ದರು. ನಾವು ಕೋರ್ಟಿನಲ್ಲಿ ಸೊಲೇಷಿಯಂ ಅನ್ನುತ್ತೇವೆ. ಹೊಲ, ಮರ ಸೇರಿ 200, ಅದರ 15% ಅಂದರೆ 30. ಲೆಕ್ಕ ಸರಿಯಿದೆ. 1984ರಲ್ಲಿ ಇದನ್ನು 30% ಮಾಡಿದರು.

ಇನ್ನು ಬೆಲೆ ಕಟ್ಟಿದ್ದು ಕಂಪನಿ ಅಲ್ಲ, ಸರ್ಕಾರದ ಕಲೆಕ್ಟರು. ರೈಲು ಕಂಪನಿಗಳು ಜಮೀನಿಗೆ ಸಾಮಾನ್ಯವಾಗಿ ದುಡ್ಡೇ ಕೊಡುತ್ತಿರಲಿಲ್ಲ. 1849ರಲ್ಲಿ ಈಸ್ಟ್ ಇಂಡಿಯನ್ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಗಳ ಜೊತೆ ಆದ ಕರಾರಿನಲ್ಲೇ ಇದು ಇತ್ತು. 99 ವರ್ಷಕ್ಕೆ ಜಮೀನು ಪುಕ್ಕಟೆ, ಲಂಡನ್ನಿನ ಷೇರುದಾರರು ಹಾಕಿದ ಬಂಡವಾಳಕ್ಕೆ 5% ಬಡ್ಡಿಯ ಗ್ಯಾರಂಟಿ. ರೈಲಿನ ಗಳಿಕೆ ಅಷ್ಟು ಬರದಿದ್ದರೆ ಉಳಿದದ್ದನ್ನು ಇಲ್ಲಿನ ಖಜಾನೆ ತುಂಬಬೇಕು. ಆ ಖಜಾನೆಗೆ ಕಂದಾಯ ಕಟ್ಟುವವರು ಯಾರು? ನಿಮ್ಮ ಮುತ್ತಜ್ಜನಂಥವರೇ ಅಲ್ವಾ? ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಹಣಕಾಸು ನೋಡಿಕೊಂಡಿದ್ದ ಮ್ಯಾಸ್ಸೆ ಅವರೇ 1872ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಮುಂದೆ ಹೇಳಿದರು, 5% ಖಾತ್ರಿ ಇರುವಾಗ ತಾನು ಕೊಟ್ಟ ದುಡ್ಡನ್ನು ಹೂಗ್ಲಿ ನದಿಗೆ ಎಸೆದರೂ ಇಂಗ್ಲಿಷ್ ಬಂಡವಾಳಗಾರನಿಗೆ ಚಿಂತೆ ಇರಲಿಲ್ಲ ಅಂತ. ದುಡ್ಡಿನ ಬಗ್ಗೆಯೇ ಹಾಗಿದ್ದ ಮೇಲೆ, ಪುಕ್ಕಟೆ ಸಿಗುವ ಜಮೀನನ್ನು ಒಂದು ಗುಂಟೆ ಕಡಿಮೆ ಕೇಳೋಣ ಅಂತ ಯಾರಿಗೆ ಅನಿಸುತ್ತದೆ? ನಿಮ್ಮ ಕಡೆ ಲೈನು ಹಾಕಿದ ಸದರ್ನ್ ಮರಾಠಾ ಕಂಪನಿ 1882ರದ್ದು. ಆ ಹೊತ್ತಿಗೆ ಗ್ಯಾರಂಟಿಯ ದರ ಕಡಿಮೆಯಾಗಿತ್ತು, ಆದರೆ ಜಮೀನು ಹಿಡಿದುಕೊಡುವ ಕೆಲಸ ಸರ್ಕಾರದ್ದೇ.

ಪ್ರಶ್ನೆ: ಹಾಗಾದರೆ ಬೆಲೆ ಒಪ್ಪಿಗೆ ಆಗದವರು ಏನು ಮಾಡುತ್ತಿದ್ದರು ಮೇಡಂ? ಸುಮ್ನೆ ತಗೊಂಡು ಹೋಗಬೇಕಿತ್ತಾ?

ಉತ್ತರ: ಇಲ್ಲ, ಜಗಳ ಆಡಲು ದಾರಿ ಇತ್ತು. 1857ರ ಕಾಯ್ದೆಯಲ್ಲಿ ತಕರಾರು ಪಂಚರ ಮುಂದೆ ಹೋಗುತ್ತಿತ್ತು, ಅವರು ಹೇಳಿದ್ದೇ ಕೊನೆ. ಆ ಪಂಚರಲ್ಲಿ ಕೆಲವರಿಗೆ ಕೆಲಸ ಗೊತ್ತಿರಲಿಲ್ಲ, ಕೆಲವರು ಲಂಚ ತಿನ್ನುತ್ತಿದ್ದರು ಅಂತ ದೂರು ಬಂದು, 1870ರ ಕಾಯ್ದೆಯಲ್ಲಿ ಸಿವಿಲ್ ಕೋರ್ಟಿಗೆ ಬಿಟ್ಟರು. 1894ರಿಂದ ಕಲೆಕ್ಟರ್ ಅವಾರ್ಡ್ ಮಾಡುವುದು, ಅಂದರೆ ಪರಿಹಾರ ಇಷ್ಟು ಅಂತ ತೀರ್ಮಾನ ಬರೆಯುವುದು, ಒಪ್ಪದವರು 18ನೇ ಕಲಂ ಪ್ರಕಾರ ಅರ್ಜಿ ಕೊಟ್ಟು ಕೋರ್ಟಿಗೆ ಕಳಿಸಿ ಅನ್ನುವುದು. ಅವಾರ್ಡ್ ಓದುವಾಗ ಎದುರಿಗೆ ಇದ್ದವರಿಗೆ ಆರೇ ವಾರ ಗಡುವು.

ಆದರೆ ಓದು ಬಾರದ ರೈತ ಸಿಕ್ಕಿಬೀಳುತ್ತಿದ್ದದ್ದು ಇಲ್ಲೇ. ದುಡ್ಡು ತಗೊಳ್ಳುವಾಗ 'ತಕರಾರು ಇಟ್ಟುಕೊಂಡು ತಗೊಂಡಿದ್ದೇನೆ' ಅಂತ ಬರೆಸದಿದ್ದರೆ ಆ ಅರ್ಜಿಯ ಹಕ್ಕೇ ಹೋಯಿತು. ಇನ್ನೊಂದು, ನೋಟೀಸು ಬಂದಾಗ ಇಷ್ಟು ಬೇಕು ಅಂತ ಕ್ಲೇಮು ಹಾಕದೆ ಸುಮ್ಮನಿದ್ದವರಿಗೆ, ತಕ್ಕ ಕಾರಣ ತೋರಿಸದ ಹೊರತು, ಕೋರ್ಟು ಕೂಡ ಕಲೆಕ್ಟರ್ ಕೊಟ್ಟದ್ದಕ್ಕಿಂತ ಒಂದು ಪೈಸೆ ಜಾಸ್ತಿ ಕೊಡುವಂತಿರಲಿಲ್ಲ. ನಿಮ್ಮ ಕಾಗದದಲ್ಲಿ ಹೆಬ್ಬೆಟ್ಟಿನ ಪಕ್ಕ ತಕರಾರು ಅನ್ನುವ ಮಾತೇ ಇಲ್ಲ. ಬಾವಿಯ ಸುದ್ದಿಯೂ ಇಲ್ಲ. ಎರಡು ಮರ ಎಣಿಸಿದವರಿಗೆ ಬಾವಿ ಕಾಣಲಿಲ್ಲವಾ? ಬಾವಿ ಇದ್ದರೆ ಹೊಲದ ಬೆಲೆಯೇ ಬೇರೆ.

ಇನ್ನೊಬ್ಬರ ಪ್ರಶ್ನೆ: ರೈಲು ಬಂದ ಮೇಲೆ ಸ್ಟೇಷನ್ ಸುತ್ತ ಜಮೀನಿನ ಬೆಲೆ ಏರಿರುತ್ತದಲ್ಲ, ಅದು ಲೆಕ್ಕಕ್ಕೆ ಬರುತ್ತಿರಲಿಲ್ಲವಾ?

ಉತ್ತರ: ಬರುತ್ತಿರಲಿಲ್ಲ. ಯಾವ ಕೆಲಸಕ್ಕೆ ಜಮೀನು ತಗೊಂಡರೋ ಅದೇ ಕೆಲಸದಿಂದ ಮುಂದೆ ಏರುವ ಬೆಲೆಯನ್ನು ಹಿಡಿಯಬಾರದು ಅಂತ ಅದೇ 1894ರ ಕಾಯ್ದೆಯ 24ನೇ ಕಲಂ. ಹೊಲ ಕಳೆದುಕೊಂಡವನಿಗೆ ಹಳೇ ಬೆಲೆ, ಪಕ್ಕದ ಹೊಲದವನಿಗೆ ಏರಿದ ಬೆಲೆ. ಷೇರುದಾರರ ಕಡೆ ನೋಡಿ. ಸುಮಾರು 1880ರಲ್ಲಿ ಸರ್ಕಾರ ಈಸ್ಟ್ ಇಂಡಿಯನ್ ರೈಲ್ವೆಯನ್ನು ಕೊಂಡಾಗ 100 ಪೌಂಡಿನ ಷೇರಿಗೆ 125 ಪೌಂಡ್ ಕಟ್ಟಿತು. ಅವರಿಗೆ ಪೇಟೆಯಲ್ಲಿ ಏರಿದ ಬೆಲೆ ಸಿಕ್ಕಿತು. ಇದನ್ನು ಅನ್ಯಾಯ ಅಂತಲೇ ಕರೆಯುತ್ತೇನೆ. ಗೇಣಿಗೆ ಉಳುತ್ತಿದ್ದವರ ಪಾಡು ಇನ್ನೂ ಕಷ್ಟ. ಪರಿಹಾರದಲ್ಲಿ ಪಾಲು ಕೇಳಲು ಕಾನೂನಿನಲ್ಲಿ ಅವರಿಗೂ ಜಾಗ ಇತ್ತು, ಆದರೆ ದಫ್ತರದಲ್ಲಿ ಹೆಸರಿಲ್ಲದವನು ಯಾವ ಕಾಗದ ಹಿಡಿದು ಹೋಗಬೇಕು?

ಮೊದಲು ಕೇಳಿದ ತಮ್ಮನಿಗೆ: ಈಗ ಹಣ ಕೇಳಲು ಆಗುವುದಿಲ್ಲ, ಗಡುವು ಮುಗಿದು ನೂರು ವರ್ಷ ದಾಟಿದೆ. ಹೊಲವೂ ವಾಪಸ್ ಬರುವುದಿಲ್ಲ. ಕೇಸು ಹಾಕಿಕೊಡುತ್ತೇವೆ ಅಂತ ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. ಆದರೆ ಫೈಲು ಹುಡುಕಬಹುದು. ಸರ್ವೆ ನಂಬರು, ವರ್ಷ ಬರೆದು ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಕೊಡಿ. ಸರ್ವೆ ಆಫೀಸಿನಲ್ಲಿ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಕಮ್ಮಿ-ಜಾಸ್ತಿ ಪತ್ರಕ (ವಿಸ್ತೀರ್ಣ ಬದಲಾದದ್ದನ್ನು ಬರೆದಿಟ್ಟ ಪಟ್ಟಿ) ಕೇಳಿ. ಅಲ್ಲಿ ಸಿಗದಿದ್ದರೆ ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಆಗ ನೀವು ಮುಂಬೈ ಪ್ರಾಂತ್ಯದವರಲ್ವಾ. ಅಳತೆಯ ನಕ್ಷೆ ಕೈಗೆ ಬಂದರೆ ಮೊದಲು ಬಾವಿಯ ಗುರುತು ಇದೆಯಾ ನೋಡಿ. ಸಿಕ್ಕರೆ ಇಲ್ಲಿ ಹಾಕಿ, ನಾನೂ ನೋಡಬೇಕು.